ಪ್ರಯಾಣದರ, ಸೇವೆಯ ಗುಣ ಮತ್ತು ಬಸ್ಸಿನ ಬೇಡಿಕೆ: ಬಸವಕಲ್ಯಾಣ–ಹುಮನಾಬಾದ್ ಪ್ರದೇಶವನ್ನು ಕುರಿತು ಒಂದು ವಿವೇಚನೆ

ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಸಮೀಪದಲ್ಲಿರುವ ನಾರಾಯಣಪುರವು ತನ್ನ ಚಾಲುಕ್ಯ ಕಾಲದ ಶಿವಾಲಯದಿಂದ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದ ಗ್ರಾಮ. ಅರ್ಥಶಾಸ್ತ್ರದ ವಿದ್ಯಾರ್ಥಿಗಾದರೋ ಇಂಥ ಗ್ರಾಮದಲ್ಲಿ ಗುಡಿಯಷ್ಟೇ ಮುಖ್ಯವಾದ ಇನ್ನೊಂದು ಸ್ಥಳವಿದೆ. ಅದು ಬಸ್ಸಿಗಾಗಿ ಜನರು ಕಾದು ನಿಲ್ಲುವ ಜಾಗ. ಅಲ್ಲಿ ಪ್ರತಿದಿನವೂ ನೂರಾರು ಸಣ್ಣ ಸಣ್ಣ ನಿರ್ಣಯಗಳು ನಡೆಯುತ್ತವೆ. ಬಸ್ಸಿಗೆ ಕಾಯುವುದೋ, ಟಂಟಂ ಹತ್ತುವುದೋ, ಪರಿಚಿತರ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಹೋಗುವುದೋ, ಅಥವಾ ಈ ಹೊತ್ತಿನ ಪ್ರಯಾಣವನ್ನೇ ಕೈಬಿಡುವುದೋ ಎಂಬುದನ್ನು ಒಬ್ಬೊಬ್ಬರೂ ತಮ್ಮ ಕೈಯಲ್ಲಿರುವ ಹಣವನ್ನೂ ಹೊತ್ತನ್ನೂ ನೋಡಿಕೊಂಡು ತೀರ್ಮಾನಿಸುತ್ತಾರೆ. ಈ ನಿರ್ಣಯಗಳ ಒಟ್ಟು ಮೊತ್ತವನ್ನೇ ನಾವು ಸಾರ್ವಜನಿಕ ಸಾರಿಗೆಯ ಬೇಡಿಕೆ ಎಂದು ಕರೆಯುತ್ತೇವೆ.

ಪ್ರಯಾಣದರವೂ ಸೇವೆಯ ಗುಣವೂ ಈ ಬೇಡಿಕೆಯ ಮೇಲೆ ಯಾವ ಬಗೆಯ ಪ್ರಭಾವ ಬೀರುತ್ತವೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ೨೦೨೩ರಲ್ಲಿ ಕರ್ನಾಟಕದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳ ಪ್ರಯಾಣದರ ಶೂನ್ಯವಾದ ಮೇಲೆ ಈ ಪ್ರಶ್ನೆ ಪಠ್ಯಪುಸ್ತಕದ ಎಲ್ಲೆಯನ್ನು ದಾಟಿ ನಮ್ಮ ತರಗತಿಗಳ ಬಾಗಿಲಿಗೇ ಬಂದು ನಿಂತಿದೆ. ಏಕೆಂದರೆ ಬೆಳಗಿನ ಮೊದಲನೆಯ ಪಾಠಕ್ಕೆ ಹಾಜರಾಗುವವರು ಎಷ್ಟು ಮಂದಿ ಎಂಬುದು ಹಲವು ಸಲ ಬಸ್ಸಿನ ವೇಳೆಯನ್ನೇ ಅವಲಂಬಿಸಿರುತ್ತದೆ.

೧. ಪ್ರದೇಶದ ಸಾರಿಗೆ

ಈ ಪ್ರದೇಶದಲ್ಲಿ ಸರ್ಕಾರಿ ಬಸ್ಸು ಹೊಸದಲ್ಲ. ೧೯೩೨ರಲ್ಲಿ ಹೈದರಾಬಾದ್ ಸಂಸ್ಥಾನದ ನಿಜಾಮ ರೈಲ್ವೆಯು ತನ್ನದೇ ರಸ್ತೆ ಸಾರಿಗೆ ಶಾಖೆಯನ್ನು ೨೭ ಬಸ್ಸುಗಳಿಂದಲೂ ೧೬೬ ಮಂದಿ ನೌಕರರಿಂದಲೂ ಆರಂಭಿಸಿತು. ಬೀದರ್ ಜಿಲ್ಲೆಯು ಆಗ ಆ ಸಂಸ್ಥಾನಕ್ಕೆ ಸೇರಿತ್ತು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಜಿಲ್ಲೆಯ ಕನ್ನಡ ಭಾಗವು ಮೈಸೂರು ರಾಜ್ಯಕ್ಕೆ ಬಂದಿತು. ೧೯೬೧ರಲ್ಲಿ ರಾಜ್ಯದ ರಸ್ತೆ ಸಾರಿಗೆ ನಿಗಮವು ರೂಪುಗೊಂಡಿತು. ೨೦೦೦ದಲ್ಲಿ ಈ ಭಾಗಕ್ಕೆ ಕಲಬುರಗಿಯನ್ನು ಕೇಂದ್ರವಾಗಿರಿಸಿಕೊಂಡ ಪ್ರತ್ಯೇಕ ನಿಗಮ ಹುಟ್ಟಿತು. ಅದೇ ಮುಂದೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂಬ ಹೆಸರನ್ನು ಪಡೆಯಿತು. ಬಸವಕಲ್ಯಾಣ ಮತ್ತು ಹುಮನಾಬಾದ್‌ಗಳೆರಡರಲ್ಲಿಯೂ ಅದರ ಘಟಕಗಳಿವೆ.

ಪುಣೆ, ಸೊಲ್ಲಾಪುರಗಳಿಂದ ಹೈದರಾಬಾದಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯು ಈ ಪ್ರದೇಶದ ಬೆನ್ನೆಲುಬು. ಹುಮನಾಬಾದ್ ಈ ಹೆದ್ದಾರಿಯ ಮೇಲಿದ್ದು, ಬೀದರ್‌ನಿಂದ ಕಲಬುರಗಿಗೆ ಹೋಗುವ ರಸ್ತೆಯೂ ಅಲ್ಲಿಯೇ ಹಾಯುವುದರಿಂದ ಅದು ದೊಡ್ಡ ಸಂಧಿಸ್ಥಾನವಾಗಿದೆ. ಬಸವಕಲ್ಯಾಣವು ಹೆದ್ದಾರಿಯಿಂದ ಕೆಲವು ಕಿಲೋಮೀಟರು ಒಳಗಿದೆ. ನಾರಾಯಣಪುರದಂಥ ಗ್ರಾಮದಿಂದ ಬೀದರಿಗೋ ಕಲಬುರಗಿಗೋ ಹೊರಟವರು ಮೊದಲು ಬಸವಕಲ್ಯಾಣಕ್ಕೆ ಬಂದು, ಅಲ್ಲಿಂದ ಮತ್ತೊಂದು ಬಸ್ಸನ್ನು ಹಿಡಿಯಬೇಕಾಗುವುದು ಸಾಮಾನ್ಯ. ಬೀದರ್–ಕಲಬುರಗಿ ರೈಲುಮಾರ್ಗವು ೨೦೧೭ರ ಅಕ್ಟೋಬರ್ ೨೯ರಂದು ಸಂಚಾರಕ್ಕೆ ತೆರೆದು ಹುಮನಾಬಾದಿಗೆ ರೈಲು ದೊರೆಯಿತಾದರೂ ಬಸವಕಲ್ಯಾಣ ಪಟ್ಟಣಕ್ಕೆ ರೈಲು ನಿಲ್ದಾಣವಿಲ್ಲ. ಆದುದರಿಂದ ಇಲ್ಲಿನ ಸಾರ್ವಜನಿಕ ಸಾರಿಗೆ ಎಂದರೆ ಬಹುಮಟ್ಟಿಗೆ ಬಸ್ಸೇ.

೨. ದರಕ್ಕೆ ಬೇಡಿಕೆ ಮಣಿಯುವ ಬಗೆ

ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂಬುದು ವಿದಿತವಾದ ನಿಯಮ. ಎಷ್ಟು ಇಳಿಯುತ್ತದೆ ಎಂಬುದೇ ಪ್ರಶ್ನೆ. ಆಲ್ಫ್ರೆಡ್ ಮಾರ್ಷಲ್ ೧೮೯೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವವೆಂಬ ಅಳತೆಯನ್ನು ವ್ಯವಸ್ಥಿತವಾಗಿ ವಿವರಿಸಿದನು. ಬೆಲೆಯು ನೂರಕ್ಕೆ ಒಂದರಷ್ಟು ಬದಲಾದಾಗ ಬೇಡಿಕೆಯು ನೂರಕ್ಕೆ ಎಷ್ಟು ಬದಲಾಗುತ್ತದೆ ಎಂಬುದನ್ನು ಅದು ತಿಳಿಸುತ್ತದೆ.

ಸಾರಿಗೆಯ ಕ್ಷೇತ್ರದಲ್ಲಿ ಅಮೆರಿಕದ ಹಳೆಯ ಸೂತ್ರವೊಂದುಂಟು. ಪ್ರಯಾಣದರವು ಶೇಕಡ ೩ರಷ್ಟು ಏರಿದರೆ ಪ್ರಯಾಣಿಕರು ಶೇಕಡ ೧ರಷ್ಟು ಕಡಿಮೆಯಾಗುತ್ತಾರೆ ಎಂಬುದು ಅದರ ಸಾರ. ಬ್ರಿಟನ್ನಿನ ಸಾರಿಗೆ ಸಂಶೋಧನಾಲಯವು ೨೦೦೪ರಲ್ಲಿ ಹೊರತಂದ ವಿಸ್ತಾರವಾದ ಸಮೀಕ್ಷೆಯು ಇನ್ನೊಂದು ಮಾತನ್ನು ಸ್ಪಷ್ಟಪಡಿಸಿತು. ಬಸ್ಸಿನ ವಿಷಯದಲ್ಲಿ ಈ ಪ್ರಮಾಣವು ಅಲ್ಪಕಾಲದಲ್ಲಿ ಸುಮಾರು ೦.೪ ಇದ್ದರೆ ದೀರ್ಘಕಾಲದಲ್ಲಿ ಸುಮಾರು ೧ಕ್ಕೆ ಮುಟ್ಟುತ್ತದೆ. ಅಂದರೆ ದರ ಏರಿದ ಮರುದಿನ ಜನರು ಗೊಣಗುತ್ತಲೇ ಬಸ್ಸನ್ನು ಹತ್ತುತ್ತಾರೆ. ಆದರೆ ಕೆಲವು ವರ್ಷಗಳಲ್ಲಿ ಅವರು ಮೋಟಾರ್ ಸೈಕಲ್ ಕೊಳ್ಳುತ್ತಾರೆ, ಕೆಲಸವನ್ನು ಬದಲಾಯಿಸುತ್ತಾರೆ, ಮನೆಯನ್ನು ಪಟ್ಟಣಕ್ಕೆ ವರ್ಗಾಯಿಸುತ್ತಾರೆ. ಒಮ್ಮೆ ಮನೆಯಂಗಳಕ್ಕೆ ವಾಹನ ಬಂದಿತೆಂದರೆ ಪ್ರತಿ ಪ್ರಯಾಣಕ್ಕೂ ತಗಲುವುದು ಪೆಟ್ರೋಲಿನ ವೆಚ್ಚ ಮಾತ್ರ. ಹಾಗೆ ಹೋದ ಪ್ರಯಾಣಿಕನು ದರವನ್ನು ಮತ್ತೆ ಇಳಿಸಿದ ಮಾತ್ರಕ್ಕೆ ಹಿಂದಿರುಗುವುದಿಲ್ಲ.

ಇದನ್ನೇ ನಮ್ಮ ರಾಜ್ಯದ ಉದಾಹರಣೆಗೆ ಅನ್ವಯಿಸಿ ನೋಡಬಹುದು. ೨೦೨೫ರ ಜನವರಿ ೫ರಿಂದ ರಾಜ್ಯದ ಸಾರಿಗೆ ನಿಗಮಗಳ ಬಸ್ಸುಗಳಲ್ಲಿ ಪ್ರಯಾಣದರವು ಶೇಕಡ ೧೫ರಷ್ಟು ಏರಿತು. ದರ ಕೊಟ್ಟು ಪ್ರಯಾಣಿಸುವ ೧೦೦ ಮಂದಿ ತಲಾ ೧೦ ರೂಪಾಯಿಯಂತೆ ೧,೦೦೦ ರೂಪಾಯಿ ಕೊಡುತ್ತಿದ್ದರೆಂದು ಊಹಿಸೋಣ. ಮೇಲಿನ ಅಲ್ಪಕಾಲದ ಪ್ರಮಾಣದಂತೆ ೬ ಮಂದಿ ತಪ್ಪಿಹೋದರೆ ಉಳಿದ ೯೪ ಮಂದಿಯಿಂದ ತಲಾ ೧೧.೫೦ರಂತೆ ೧,೦೮೧ ರೂಪಾಯಿ ಬರುತ್ತದೆ. ದೀರ್ಘಕಾಲದ ಪ್ರಮಾಣದಂತೆ ೧೫ ಮಂದಿ ತಪ್ಪಿಹೋದರೆ ಬರುವುದು ೯೭೭ ರೂಪಾಯಿ ೫೦ ಪೈಸೆ ಮಾತ್ರ. ಮೊದಲ ವರ್ಷದಲ್ಲಿ ಲಾಭವಾಗಿ ಕಂಡ ದರವೃದ್ಧಿಯು ಮುಂದೆ ನಷ್ಟವಾಗಿ ಪರಿಣಮಿಸಬಹುದೆಂಬುದು ಇದರಿಂದ ವ್ಯಕ್ತವಾಗುತ್ತದೆ. ಪರದೇಶದ ಅಂಕಿಗಳು ನಮ್ಮ ಹಳ್ಳಿಗಳಿಗೆ ಹಾಗೆಯೇ ಒಪ್ಪುತ್ತವೆಂದು ನಾವು ಹೇಳುವುದಿಲ್ಲ. ಕಾಲ ಕಳೆದಂತೆ ಪರಿಣಾಮ ಹೆಚ್ಚುತ್ತದೆ ಎಂಬ ತತ್ವವು ಮಾತ್ರ ಇಲ್ಲಿಯೂ ಸಲ್ಲುತ್ತದೆ.

ಎಲ್ಲ ಪ್ರಯಾಣಗಳೂ ದರಕ್ಕೆ ಒಂದೇ ರೀತಿಯಲ್ಲಿ ಮಣಿಯುವುದಿಲ್ಲ. ಆಸ್ಪತ್ರೆಗೆ, ಕಚೇರಿಗೆ, ಪರೀಕ್ಷೆಗೆ ಹೋಗಬೇಕಾದವರು ದರ ಎಷ್ಟಾದರೂ ಹೋಗುತ್ತಾರೆ. ತವರಿಗೆ ಹೋಗಿಬರುವುದು, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೋ ಮಾಣಿಕನಗರಕ್ಕೋ ಹೋಗುವುದು, ಕಲ್ಯಾಣದ ಶರಣರ ಸ್ಥಳಗಳನ್ನು ನೋಡುವುದು ಇಂಥವು ದರ ಇಳಿದಾಗ ಬೇಗನೆ ಹೆಚ್ಚುತ್ತವೆ, ಏರಿದಾಗ ಬೇಗನೆ ಕುಗ್ಗುತ್ತವೆ. ಇವೇನೂ ಕಡಿಮೆ ಬೆಲೆಯ ಪ್ರಯಾಣಗಳಲ್ಲ. ಇವುಗಳನ್ನು ಮುಂದೂಡಲು ಸಾಧ್ಯ ಎಂಬುದಷ್ಟೇ ವ್ಯತ್ಯಾಸ.

೩. ಕಾಯುವಿಕೆಯೂ ಒಂದು ಬೆಲೆ

ಟಿಕೇಟಿನ ಮೇಲೆ ಅಚ್ಚಾದ ಮೊತ್ತವೇ ಪ್ರಯಾಣದ ಪೂರ್ಣ ಬೆಲೆಯಲ್ಲ. ನಿಲ್ದಾಣದವರೆಗಿನ ನಡಿಗೆ, ಬಸ್ಸಿಗಾಗಿ ಕಾಯುವುದು, ಬಸ್ಸಿನೊಳಗಿನ ಹೊತ್ತು ಇವೆಲ್ಲವನ್ನೂ ಪ್ರಯಾಣಿಕನು ತೆರುತ್ತಾನೆ. ಬಸ್ಸಿನೊಳಗೆ ಕುಳಿತ ಒಂದು ನಿಮಿಷಕ್ಕಿಂತ ರಸ್ತೆಯ ಬದಿಯಲ್ಲಿ ನಿಂತು ಕಾಯುವ ಒಂದು ನಿಮಿಷವು ಸುಮಾರು ಎರಡರಷ್ಟು ಭಾರವಾಗಿ ತೋರುತ್ತದೆಂದು ಸಾರಿಗೆಯ ಅರ್ಥಶಾಸ್ತ್ರದಲ್ಲಿ ಲೆಕ್ಕ ಹಾಕುವುದು ರೂಢಿ. ಬೇಸಿಗೆಯಲ್ಲಿ ನೆರಳಿಲ್ಲದ ಕಡೆ ನಿಂತವರು ಇದನ್ನು ಅಲ್ಪವೆಂದೇ ಹೇಳಿಯಾರು.

ಒಂದು ಊಹಿತ ಲೆಕ್ಕವನ್ನು ತೆಗೆದುಕೊಳ್ಳೋಣ. ನಾರಾಯಣಪುರದಂಥ ಒಂದು ಹಳ್ಳಿಯಿಂದ ತಾಲ್ಲೂಕು ಪಟ್ಟಣಕ್ಕೆ ಗಂಟೆಗೆ ಒಂದು ಬಸ್ಸು ಇದೆ. ದರ ೧೦ ರೂಪಾಯಿ. ನಡಿಗೆ ೧೦ ನಿಮಿಷ. ಯಾವಾಗಲೋ ಬಂದು ನಿಲ್ಲುವವರು ಸರಾಸರಿಯಲ್ಲಿ ಅರ್ಧ ಗಂಟೆ ಕಾಯುತ್ತಾರೆ. ಪ್ರಯಾಣ ೧೫ ನಿಮಿಷ. ಪ್ರಯಾಣಿಕನ ಒಂದು ಗಂಟೆಯ ಬೆಲೆ ೩೦ ರೂಪಾಯಿ ಎಂದಿಟ್ಟುಕೊಂಡರೆ ಬಸ್ಸಿನೊಳಗಿನ ನಿಮಿಷಕ್ಕೆ ೫೦ ಪೈಸೆ, ನಡೆಯುವ ಮತ್ತು ಕಾಯುವ ನಿಮಿಷಕ್ಕೆ ೧ ರೂಪಾಯಿ ಆಗುತ್ತದೆ. ಆಗ ದರ ೧೦, ನಡಿಗೆ ೧೦, ಕಾಯುವಿಕೆ ೩೦, ಬಸ್ಸಿನ ಹೊತ್ತು ೭.೫೦, ಒಟ್ಟು ೫೭ ರೂಪಾಯಿ ೫೦ ಪೈಸೆ. ದರವನ್ನು ಪೂರ್ತಿಯಾಗಿ ತೆಗೆದುಹಾಕಿದರೆ ಈ ಮೊತ್ತವು ೪೭.೫೦ಕ್ಕೆ ಇಳಿಯುತ್ತದೆ. ದರವನ್ನು ಹಾಗೆಯೇ ಇಟ್ಟು ಗಂಟೆಗೆ ಎರಡು ಬಸ್ಸು ಓಡಿಸಿದರೆ ೪೨.೫೦ಕ್ಕೆ ಇಳಿಯುತ್ತದೆ. ಬಸ್ಸಿನ ಸಂಖ್ಯೆ ಅತಿ ವಿರಳವಾಗಿರುವಲ್ಲಿ ಬಿಟ್ಟಿ ಟಿಕೇಟಿಗಿಂತ ಇನ್ನೊಂದು ಬಸ್ಸೇ ದೊಡ್ಡ ರಿಯಾಯಿತಿ ಎಂಬುದು ಈ ಲೆಕ್ಕದ ತಾತ್ಪರ್ಯ.

ಬಸ್ಸುಗಳ ಸಂಖ್ಯೆಯ ಜೊತೆಗೆ ಅವುಗಳ ನಿಯತತೆಯನ್ನೂ ಗಮನಿಸಬೇಕು. ಗಂಟೆಗೆ ಎರಡು ಬಸ್ಸುಗಳು ಅರ್ಧ ಗಂಟೆಗೊಂದರಂತೆ ಬಂದರೆ ಸರಾಸರಿ ಕಾಯುವಿಕೆ ೧೫ ನಿಮಿಷ. ಅವೆರಡೂ ಐದು ನಿಮಿಷಗಳ ಅಂತರದಲ್ಲಿ ಒಂದರ ಹಿಂದೊಂದು ಬಂದು, ಮುಂದಿನ ೫೫ ನಿಮಿಷ ರಸ್ತೆ ಬರಿದಾಗಿದ್ದರೆ ಸರಾಸರಿ ಕಾಯುವಿಕೆ ೨೫ ನಿಮಿಷವನ್ನು ಮೀರುತ್ತದೆ. ಏಕೆಂದರೆ ಹೆಚ್ಚಿನ ಜನರು ಬಂದು ನಿಲ್ಲುವುದು ಆ ದೀರ್ಘವಾದ ಅಂತರದಲ್ಲಿಯೇ. ಕಡತದಲ್ಲಿ ಎರಡು ಬಸ್ಸುಗಳೆಂದು ನಮೂದಾದುದು ಪ್ರಯಾಣಿಕನ ಅನುಭವದಲ್ಲಿ ಒಂದೂಕಾಲು ಬಸ್ಸಿಗೂ ಸಮನಾಗಲಾರದು.

ಹಳ್ಳಿಯ ಪ್ರಯಾಣಿಕರು ಬಸ್ಸಿನ ವೇಳೆಯನ್ನು ಬಲ್ಲವರಲ್ಲವೇ, ಅವರೇಕೆ ಅರ್ಧ ಗಂಟೆ ಕಾಯಬೇಕು ಎಂಬ ಆಕ್ಷೇಪಣೆ ಬರಬಹುದು. ಆಕ್ಷೇಪಣೆ ಸರಿಯಾದುದೇ. ಆದರೆ ವೇಳೆ ತಿಳಿದಿದ್ದರೆ ಕಾಯುವಿಕೆ ಇಲ್ಲವಾಗುವುದಿಲ್ಲ, ಸ್ಥಳವನ್ನು ಬದಲಾಯಿಸುತ್ತದೆ ಅಷ್ಟೆ. ಹತ್ತು ಗಂಟೆಯ ಪಾಠಕ್ಕೆ ಎಂಟೂವರೆಯ ಬಸ್ಸಿನಲ್ಲಿಯೇ ಬಂದು ಕಾಲೇಜಿನ ಅಂಗಳದಲ್ಲಿ ಕುಳಿತ ವಿದ್ಯಾರ್ಥಿಯೂ ಕಾಯುತ್ತಲೇ ಇದ್ದಾನೆ. ಸಂಜೆಯ ಪ್ರಯೋಗಶಾಲೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟು ಕೊನೆಯ ಬಸ್ಸಿಗಾಗಿ ಓಡುವವಳು ಕಾಯುವಿಕೆಯ ಬದಲಿಗೆ ಪಾಠವನ್ನೇ ತೆರುತ್ತಾಳೆ. ಮಗಳನ್ನು ಪಟ್ಟಣದ ಕಾಲೇಜಿಗೆ ಸೇರಿಸಬೇಕೆ ಎಂದು ಯೋಚಿಸುವ ತಂದೆತಾಯಿಗಳು ಬೆಳಗಿನ ಬಸ್ಸಿನ ದರಕ್ಕಿಂತ ಸಂಜೆಯ ಬಸ್ಸಿನ ಭರವಸೆಯನ್ನು ಮೊದಲು ವಿಚಾರಿಸುತ್ತಾರೆ. ಹಿಂದಿರುಗುವ ಬಸ್ಸಿಲ್ಲದ ಕಡೆ ಹೋಗುವ ಬಸ್ಸಿಗೂ ಬೇಡಿಕೆಯಿರುವುದಿಲ್ಲ.

೪. ಶೂನ್ಯದರದ ಪಾಠ

೨೦೨೩ರ ಜೂನ್ ೧೧ರಂದು ಕರ್ನಾಟಕ ಸರ್ಕಾರವು ಶಕ್ತಿ ಯೋಜನೆಯನ್ನು ಜಾರಿಗೆ ತಂದಿತು. ರಾಜ್ಯದ ನಿವಾಸಿಗಳಾದ ಮಹಿಳೆಯರು ಐಷಾರಾಮಿಯಲ್ಲದ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದೊಳಗೆ ಶೂನ್ಯದರದ ಟಿಕೇಟು ಪಡೆದು ಪ್ರಯಾಣಿಸಬಹುದಾಯಿತು. ಆ ಟಿಕೇಟಿನ ಮೌಲ್ಯವನ್ನು ಸರ್ಕಾರವು ನಿಗಮಗಳಿಗೆ ತುಂಬಿಕೊಡುವುದು ಯೋಜನೆಯ ಕ್ರಮ. ೨೦೨೫ರ ಜುಲೈ ವೇಳೆಗೆ ಇಡೀ ರಾಜ್ಯದಲ್ಲಿ ಇಂಥ ಪ್ರಯಾಣಗಳ ಸಂಖ್ಯೆ ೫೦೦ ಕೋಟಿಯನ್ನು ಮುಟ್ಟಿತು. ಇವೆಲ್ಲವೂ ಹೊಸ ಪ್ರಯಾಣಗಳೆಂದು ಭಾವಿಸಬಾರದು. ಮೊದಲು ದರ ಕೊಟ್ಟು ಹೋಗುತ್ತಿದ್ದವರು, ಟಂಟಂ ಬಿಟ್ಟು ಬಸ್ಸಿಗೆ ಬಂದವರು, ಮೊದಲು ಹೊರಡದೆಯೇ ಇದ್ದವರು ಎಂಬ ಮೂರು ವರ್ಗಗಳು ಇದರಲ್ಲಿ ಬೆರೆತಿವೆ. ಯೋಜನೆಯ ಫಲವನ್ನು ಅಳೆಯಲು ಹೊರಟವರು ಈ ಮೂರನ್ನೂ ಬೇರ್ಪಡಿಸಬೇಕು. ಮೂರನೆಯ ವರ್ಗವೇ ನಿಜವಾದ ಹೊಸ ಬೇಡಿಕೆ.

ನಮ್ಮ ಮೇಲಿನ ಊಹಿತ ಲೆಕ್ಕವು ಈ ಮೂರನೆಯ ವರ್ಗದ ವಿಷಯದಲ್ಲಿ ಒಂದು ದೋಷವನ್ನು ಒಳಗೊಂಡಿದೆ. ಅದನ್ನು ಒಪ್ಪಿಕೊಳ್ಳಲೇಬೇಕು. ಹತ್ತು ರೂಪಾಯಿಯನ್ನೂ ಹತ್ತು ನಿಮಿಷವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಕೈಯಲ್ಲಿ ಹಣವಿರುವವರಿಗೆ ಮಾತ್ರ ಸಾಧ್ಯ. ಹೊಲದ ಕೂಲಿಯ ಹಣ ಮನೆಯ ಖರ್ಚಿಗೇ ಸಾಲದಿರುವಲ್ಲಿ, ಅಥವಾ ಪ್ರತಿ ಪ್ರಯಾಣಕ್ಕೂ ಬೇರೊಬ್ಬರನ್ನು ಹಣ ಕೇಳಬೇಕಾದಲ್ಲಿ, ಹತ್ತು ರೂಪಾಯಿಯು ಬಾಗಿಲಿಗೆ ಹಾಕಿದ ಅಗುಳಿಯಂತೆ. ಅಂಥವರ ಪಾಲಿಗೆ ಶೂನ್ಯದರವು ಆ ಅಗುಳಿಯನ್ನೇ ತೆಗೆದಂತಾಯಿತು. ಆದುದರಿಂದ ದರ ಸ್ವಲ್ಪ ಇಳಿಯುವುದಕ್ಕೂ ಶೂನ್ಯವಾಗುವುದಕ್ಕೂ ನಡುವೆ ಗುಣಭೇದವೇ ಇದೆ. ಸ್ಥಿತಿಸ್ಥಾಪಕತ್ವದ ಸಾಮಾನ್ಯ ಸೂತ್ರವು ಇದನ್ನು ಪೂರ್ತಿಯಾಗಿ ಹಿಡಿಯಲಾರದು.

ಆದರೆ ದರ ಹೋದ ಮಾತ್ರಕ್ಕೆ ಬೆಲೆ ಹೋಯಿತೆಂದು ತಿಳಿಯುವುದೂ ತಪ್ಪು. ಪ್ರಯಾಣಿಕರು ಹೆಚ್ಚಿ ಬಸ್ಸುಗಳು ಹೆಚ್ಚದಿದ್ದರೆ ಹಣದ ಬೆಲೆಯು ಕಾಯುವಿಕೆಯ ಮತ್ತು ನೂಕುನುಗ್ಗಲಿನ ಬೆಲೆಯಾಗಿ ಮಾರ್ಪಡುತ್ತದೆ. ಮೇಲಿನ ಲೆಕ್ಕದಲ್ಲಿಯೇ ದರವನ್ನು ಶೂನ್ಯ ಮಾಡಿ, ನಾಲ್ಕು ದಿನಕ್ಕೊಮ್ಮೆ ಮೊದಲನೆಯ ಬಸ್ಸು ತುಂಬಿ ಬಂದು ನಿಲ್ಲದೆ ಹೋಗುತ್ತದೆಂದು ಊಹಿಸೋಣ. ಅಂಥ ದಿನ ಇನ್ನೊಂದು ಗಂಟೆ, ಅಂದರೆ ೬೦ ರೂಪಾಯಿಯಷ್ಟು ಕಾಯಬೇಕು. ದಿನಕ್ಕೆ ಹಂಚಿದರೆ ೧೫ ರೂಪಾಯಿ. ಒಟ್ಟು ಬೆಲೆ ೪೭.೫೦ರಿಂದ ೬೨.೫೦ಕ್ಕೆ ಏರಿ, ದರವಿದ್ದ ಕಾಲದ ೫೭.೫೦ನ್ನೂ ಮೀರುತ್ತದೆ. ಕೈಯ ಹಣ ಉಳಿದರೂ ತರಗತಿ ತಪ್ಪುತ್ತದೆ.

ಇದರ ಮತ್ತೊಂದು ಮುಖವು ದರ ಕೊಡುವ ಪುರುಷರಿಗೆ ಸಂಬಂಧಿಸಿದ್ದು. ಶಕ್ತಿ ಯೋಜನೆಯ ಆದೇಶವು ವೇಗದೂತ ಬಸ್ಸುಗಳಲ್ಲಿ ಅರ್ಧದಷ್ಟು ಆಸನಗಳನ್ನು ಪುರುಷರಿಗೆ ಮೀಸಲಿಟ್ಟಿತು. ಈ ನಿಯಮವೇ ನೂಕುನುಗ್ಗಲಿನ ಭಯವನ್ನು ಮೊದಲೇ ಕಂಡಿದ್ದಿತೆಂಬುದಕ್ಕೆ ಸಾಕ್ಷಿ. ದರವೃದ್ಧಿಯನ್ನೂ ನೂಕುನುಗ್ಗಲನ್ನೂ ಒಟ್ಟಿಗೆ ಎದುರಿಸಿದ ಪುರುಷ ಪ್ರಯಾಣಿಕನು ಮೋಟಾರ್ ಸೈಕಲ್ಲಿನ ಕಡೆಗೆ ತಿರುಗುವುದು ಸಹಜ. ಆದರೆ ಇದಕ್ಕೆ ವಿರುದ್ಧವಾದ ಸೆಳೆತವೂ ಉಂಟು. ಗಂಡಹೆಂಡಿರು ಕೂಡಿ ಪೇಟೆಗೆ ಹೋಗುವಾಗ ಹಿಂದೆ ಎರಡು ಟಿಕೇಟುಗಳಿಗಿಂತ ಒಂದು ಮೋಟಾರ್ ಸೈಕಲ್ಲೇ ಅಗ್ಗವಾಗಿದ್ದಿರಬಹುದು. ಈಗ ಒಂದೇ ಟಿಕೇಟು ಸಾಕು. ಈ ಎರಡು ಸೆಳೆತಗಳಲ್ಲಿ ಯಾವುದು ಗೆಲ್ಲುತ್ತದೆಂಬುದನ್ನು ಬಸ್ಸಿನಲ್ಲಿ ಸ್ಥಳ ದೊರೆಯುತ್ತದೆಯೋ ಇಲ್ಲವೋ ಎಂಬುದೇ ನಿರ್ಣಯಿಸುತ್ತದೆ.

೫. ಒಂದು ರಸ್ತೆ, ಮೂರು ದರ

ಈ ಪ್ರದೇಶಕ್ಕೆ ಇನ್ನೊಂದು ವಿಶೇಷವಿದೆ. ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಮಹಾರಾಷ್ಟ್ರದ ಉಮರ್ಗಾ, ಪೂರ್ವಕ್ಕೆ ಹೋದರೆ ತೆಲಂಗಾಣದ ಜಹೀರಾಬಾದ್. ಮಹಾರಾಷ್ಟ್ರದಲ್ಲಿ ೨೦೨೩ರ ಮಾರ್ಚ್ ೧೭ರಿಂದ ಅಲ್ಲಿನ ನಿಗಮದ ಬಸ್ಸುಗಳಲ್ಲಿ ಮಹಿಳೆಯರಿಗೆ ಅರ್ಧದರವಾಯಿತು. ಕರ್ನಾಟಕದಲ್ಲಿ ಅದೇ ವರ್ಷದ ಜೂನಿನಲ್ಲಿ ಶೂನ್ಯದರವಾಯಿತು. ತೆಲಂಗಾಣದಲ್ಲಿ ಡಿಸೆಂಬರ್ ೯ರಿಂದ ಅಲ್ಲಿನ ಮಹಿಳೆಯರಿಗೆ ಹಳ್ಳಿಯ ಬಸ್ಸುಗಳಲ್ಲಿಯೂ ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿಯೂ ಶೂನ್ಯದರವಾಯಿತು. ಹೀಗೆ ಒಂದೇ ವರ್ಷದೊಳಗೆ ಒಂದೇ ರಸ್ತೆಯ ಮೇಲೆ ಮೂರು ದರನೀತಿಗಳು ಬಂದವು. ಕರ್ನಾಟಕದ ರಿಯಾಯಿತಿಯು ರಾಜ್ಯದೊಳಗಿನ ಪ್ರಯಾಣಕ್ಕೆ ಮಾತ್ರ ಸಂಬಂಧಿಸಿದ್ದು. ಗಡಿಯಾಚೆ ನೆಂಟರನ್ನು ಉಳ್ಳವರು, ಸಂತೆಗೋ ಆಸ್ಪತ್ರೆಗೋ ಗಡಿ ದಾಟುವವರು ಈ ಭಾಗದಲ್ಲಿ ಹಲವರು. ಅವರ ಕಣ್ಣಿನಲ್ಲಿ ಹುಮನಾಬಾದ್ ಹತ್ತಿರವಾಯಿತು, ಉಮರ್ಗಾ ಇದ್ದಲ್ಲಿಯೇ ಉಳಿಯಿತು. ದರದ ಬದಲಾವಣೆಯು ಪ್ರಯಾಣದ ಸಂಖ್ಯೆಯ ಜೊತೆಗೆ ಅದರ ದಿಕ್ಕನ್ನೂ ಬದಲಾಯಿಸಬಲ್ಲದು. ಸಂಶೋಧಕರಿಗೆ ಇದು ಪ್ರಕೃತಿಯೇ ಏರ್ಪಡಿಸಿದ ಪ್ರಯೋಗದಂತಿದೆ.

೬. ಸೇವೆ ಬೆಳೆದಾಗ

ದರವೂ ಸೇವೆಯೂ ಎದುರುಬದುರಾಗಿ ಎಳೆಯುವುದನ್ನು ನೋಡಲು ರಾಜಧಾನಿಯ ಉದಾಹರಣೆಯೊಂದು ಸಹಾಯಕ. ಬೆಂಗಳೂರಿನ ಮೆಟ್ರೋದಲ್ಲಿ ೨೦೨೫ರ ಫೆಬ್ರವರಿ ೯ರಂದು ಗರಿಷ್ಠ ದರವು ೬೦ ರೂಪಾಯಿಯಿಂದ ೯೦ಕ್ಕೆ ಏರಿದಾಗ ಪ್ರಯಾಣಿಕರ ಸಂಖ್ಯೆ ಕುಗ್ಗಿತು. ಕೆಲವೇ ದಿನಗಳಲ್ಲಿ ಕೆಲವು ಹಂತಗಳ ದರವನ್ನು ತಗ್ಗಿಸಬೇಕಾಯಿತು. ಅದೇ ವರ್ಷದ ಆಗಸ್ಟ್ ೧೦ರಂದು ಹಳದಿ ಮಾರ್ಗವು ತೆರೆದಾಗ, ಆ ಮಾರ್ಗದಲ್ಲಿ ಆರಂಭಕ್ಕೆ ೨೫ ನಿಮಿಷಕ್ಕೊಂದು ಗಾಡಿ ಮಾತ್ರ ಇದ್ದರೂ, ಮೆಟ್ರೋದ ಒಟ್ಟು ಪ್ರಯಾಣಗಳು ಮರುದಿನವೇ ೧೦ ಲಕ್ಷವನ್ನು ಮೀರಿದವು. ದರವು ಕಳೆದುದನ್ನು ಸೇವೆಯು ಗಳಿಸಿಕೊಟ್ಟಿತು. ಹುಮನಾಬಾದಿನ ರೈಲಿನ ಪಾಠ ಇದಕ್ಕೆ ಪೂರಕವಾದುದು. ರೈಲಿನ ಸಾಮಾನ್ಯ ದರ್ಜೆಯ ದರವು ಬಸ್ಸಿಗಿಂತ ಕಡಿಮೆ. ಆದರೂ ದಿನಕ್ಕೆ ಕೆಲವೇ ಗಾಡಿಗಳಿರುವಲ್ಲಿ ನಿತ್ಯದ ಪ್ರಯಾಣಿಕನು ತನ್ನ ದಿನಚರಿಯನ್ನು ರೈಲಿಗೆ ಒಪ್ಪಿಸಲಾರನು.

ಬ್ರಿಟನ್ನಿನ ಮೇಲೆ ಹೇಳಿದ ಸಮೀಕ್ಷೆಯಲ್ಲಿ ಬಸ್ಸುಗಳ ಓಟವನ್ನು ಶೇಕಡ ೧೦ರಷ್ಟು ಹೆಚ್ಚಿಸಿದರೆ ಪ್ರಯಾಣಿಕರು ಅಲ್ಪಕಾಲದಲ್ಲಿ ಸುಮಾರು ಶೇಕಡ ೪ರಷ್ಟೂ ದೀರ್ಘಕಾಲದಲ್ಲಿ ಸುಮಾರು ಶೇಕಡ ೭ರಷ್ಟೂ ಹೆಚ್ಚುತ್ತಾರೆಂದು ಕಂಡುಬಂದಿತು. ಓಟ ಹೆಚ್ಚಿಸುವುದಕ್ಕೆ ಡೀಸೆಲು, ಚಾಲಕ, ನಿರ್ವಾಹಕ ಎಲ್ಲವೂ ಬೇಕು. ಪ್ರಯಾಣಿಕರು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲವಾದುದರಿಂದ ನಿಗಮದ ಲೆಕ್ಕಪತ್ರದಲ್ಲಿ ಇದು ನಷ್ಟವಾಗಿಯೇ ತೋರಬಹುದು. ಆದರೆ ೧೯೭೨ರಲ್ಲಿ ಹರ್ಬರ್ಟ್ ಮೋರಿಂಗ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞನು ಒಂದು ಮುಖ್ಯವಾದ ಅಂಶವನ್ನು ತೋರಿಸಿಕೊಟ್ಟನು. ಪ್ರಯಾಣಿಕರು ಹೆಚ್ಚಿದಂತೆ ಬಸ್ಸುಗಳನ್ನು ಹೆಚ್ಚಿಸಿದರೆ ಹೊಸಬರಿಗೆ ಮಾತ್ರವಲ್ಲದೆ ಹಿಂದಿನಿಂದಲೂ ಪ್ರಯಾಣಿಸುತ್ತಿದ್ದ ಎಲ್ಲರಿಗೂ ಕಾಯುವ ಹೊತ್ತು ಕಡಿಮೆಯಾಗುತ್ತದೆ. ಈ ಲಾಭವು ಜನರ ಹೊತ್ತಿನಲ್ಲಿ ಸಂದಾಯವಾಗುವುದರಿಂದ ನಿಗಮದ ಪೆಟ್ಟಿಗೆಗೆ ಬೀಳುವುದಿಲ್ಲ. ಸಾರ್ವಜನಿಕ ಸಾರಿಗೆಗೆ ಸರ್ಕಾರದ ಸಹಾಯಧನವಿರಬೇಕೆಂಬ ವಾದಕ್ಕೆ ಇದೇ ಗಟ್ಟಿಯಾದ ಆಧಾರ.

ಇದರ ಇನ್ನೊಂದು ಮಗ್ಗುಲು ಎಚ್ಚರಿಕೆಯದು. ಪ್ರಯಾಣಿಕರು ತಗ್ಗಿದರೆಂದು ಬಸ್ಸನ್ನು ಕಡಿಮೆ ಮಾಡಿದರೆ ಕಾಯುವಿಕೆ ಹೆಚ್ಚಿ ಇನ್ನಷ್ಟು ಪ್ರಯಾಣಿಕರು ಹೋಗುತ್ತಾರೆ. ಆಗ ಮತ್ತೊಂದು ಬಸ್ಸು ನಿಲ್ಲುತ್ತದೆ. ಹಳ್ಳಿಯ ಮಾರ್ಗಗಳು ಈ ರೀತಿಯಲ್ಲಿಯೇ ಸವೆಯುತ್ತವೆ. ಶೂನ್ಯದರದಿಂದ ಬಂದ ಹೊಸ ಬೇಡಿಕೆಯು ಈ ಚಕ್ರವನ್ನು ಹಿಂದಕ್ಕೆ ತಿರುಗಿಸಲು ದೊರೆತ ಒಂದು ಅವಕಾಶ. ತುಂಬಿಕೊಡಬೇಕಾದ ಹಣ ಹೊತ್ತಿಗೆ ಸರಿಯಾಗಿ ಬಂದು, ಅದರಿಂದ ಬಸ್ಸುಗಳೂ ಸಿಬ್ಬಂದಿಯೂ ಹೆಚ್ಚಿದರೆ ಅವಕಾಶ ಫಲಿಸುತ್ತದೆ. ಇಲ್ಲವಾದರೆ ಅದೇ ಬಸ್ಸಿನಲ್ಲಿ ಹೆಚ್ಚು ಜನರು ನಿಂತು ಹೋಗುವುದರಲ್ಲಿ ಮುಗಿಯುತ್ತದೆ.

೭. ಉಪಸಂಹಾರ

ಇಷ್ಟರಿಂದ ನಾವು ತಲಪುವ ನಿರ್ಣಯ ಸರಳವಾದುದು. ಪ್ರಯಾಣಿಸಬೇಕೆಂಬ ಆಸೆಯು ಎಷ್ಟು ಜನರಲ್ಲಿ ಅಡಗಿದೆ ಎಂಬುದನ್ನು ದರವು ಹೊರಗೆಡಹುತ್ತದೆ. ಆ ಆಸೆಯು ನಿತ್ಯದ ಪ್ರಯಾಣವಾಗಿ ನಿಲ್ಲುವುದು ಸೇವೆಯಿಂದ. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಅಳೆದವರಿಗೆ ಬೇಡಿಕೆಯ ಅರ್ಧ ಚಿತ್ರವಷ್ಟೇ ಕಾಣುತ್ತದೆ.

ನಿಗಮಗಳ ಅಂಕಿಅಂಶಗಳಲ್ಲಿ ಟಿಕೇಟು ಪಡೆದವರ ಲೆಕ್ಕವಿರುತ್ತದೆ. ಬಸ್ಸು ನಿಲ್ಲದೆ ಹೋದುದರಿಂದ ಮನೆಗೆ ಹಿಂದಿರುಗಿದವಳ ಲೆಕ್ಕ ಅಲ್ಲಿರುವುದಿಲ್ಲ. ಆ ಲೆಕ್ಕವನ್ನು ಬರೆಯಲು ದೊಡ್ಡ ಯಂತ್ರಗಳೇನೂ ಬೇಡ. ನಮ್ಮ ವಿದ್ಯಾರ್ಥಿಗಳಲ್ಲಿ ಇಬ್ಬರು ಒಂದು ವಾರದ ಕಾಲ, ಸಂತೆಯ ದಿನವನ್ನೂ ಸೇರಿಸಿ, ತಮ್ಮ ಊರಿನ ನಿಲ್ದಾಣದಲ್ಲಿ ಬೆಳಗ್ಗೆ ಏಳರಿಂದ ಹತ್ತರವರೆಗೆ ಕುಳಿತು ನಾಲ್ಕು ಕಲಮುಗಳನ್ನು ತುಂಬಿದರೆ ಸಾಕು: ಬಸ್ಸು ಬರಬೇಕಾದ ವೇಳೆ, ಬಂದ ವೇಳೆ, ಹತ್ತಿದವರು, ಹತ್ತಲಾಗದೆ ಉಳಿದವರು. ಉಳಿದವರಲ್ಲಿ ಎಷ್ಟು ಮಂದಿ ಟಂಟಂ ಹತ್ತಿದರು, ಎಷ್ಟು ಮಂದಿ ಕಾದರು, ಎಷ್ಟು ಮಂದಿ ಹಿಂದಿರುಗಿದರು ಎಂಬುದನ್ನು ಅಂಚಿನಲ್ಲಿ ಗುರುತಿಸಿಕೊಳ್ಳಬಹುದು. ಅಧ್ಯಾಪಕರಾದ ನಾವು ನಮ್ಮ ಹಾಜರಿ ಪುಸ್ತಕವನ್ನು ಆ ಕಾಗದದ ಪಕ್ಕದಲ್ಲಿಟ್ಟು ನೋಡೋಣ. ಮೊದಲನೆಯ ಪಾಠಕ್ಕೆ ಗೈರುಹಾಜರಾದವರ ಹೆಸರಿನ ಮುಂದೆ ನಾವು ಹಾಕಿದ ಗುರುತುಗಳಲ್ಲಿ ಎಷ್ಟು ವಿದ್ಯಾರ್ಥಿಯ ಉದಾಸೀನದಿಂದ ಬಂದವು, ಎಷ್ಟು ತುಂಬಿ ಹೋದ ಬಸ್ಸಿನಿಂದ ಬಂದವು ಎಂಬುದು ಆಗ ಗೊತ್ತಾದೀತು.